ಕೈಯಿಂದ ಬರೆದ ಚಿತ್ರವೂ ಬೆಳಕಿನ ಕಲ್ಲಚ್ಚೂ: ಬೇಲೂರು, ಹಳೇಬೀಡು, ಅರಸೀಕೆರೆಗಳ ಪಟಗಳ ವಿಚಾರ

ಹೊಯ್ಸಳರ ಕಾಲದ ಒಂದು ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದಾಗ ಅದರಲ್ಲಿ ಒಂದು ಅಕ್ಷರ ಹೆಚ್ಚು ಕಡಮೆಯಾದರೂ ನಮ್ಮ ವಿದ್ವಾಂಸರು ಸುಮ್ಮನಿರುವುದಿಲ್ಲ. ಜನ್ನನ ಒಂದು ಪದ್ಯದಲ್ಲಿ ಸಂಪಾದಕನು ಓಲೆಯ ಪಾಠವನ್ನು ಬಿಟ್ಟು ತನ್ನ ಊಹೆಯನ್ನು ಹಾಕಿದ್ದರೆ ಅದನ್ನು ಅಡಿಟಿಪ್ಪಣಿಯಲ್ಲಿ ಹೇಳಿರಬೇಕು. ಹೇಳದಿದ್ದರೆ ಅದನ್ನು ಸಂಪಾದನೆಯೆನ್ನದೆ ಅಪಚಾರವೆಂದೇ ಎಣಿಸುತ್ತೇವೆ. ಈ ಕಟ್ಟುನಿಟ್ಟು ಯುಕ್ತವಾದುದೇ. ಆದರೆ ಅದೇ ಅರಸರ ಕಾಲದಲ್ಲಿ, ಅದೇ ನಾಡಿನಲ್ಲಿ, ಕಲ್ಲಿನಲ್ಲಿ ರಚಿತವಾದ ಕೃತಿಗಳ ವಿಷಯಕ್ಕೆ ಬಂದಾಗ ಈ ಕಟ್ಟುನಿಟ್ಟು ಎಲ್ಲಿಯೋ ಕರಗಿಹೋಗುತ್ತದೆ. ಬೇಲೂರಿನ ಮದನಿಕೆಯ ಒಂದು ರೇಖಾಚಿತ್ರವನ್ನೋ, ಹಳೇಬೀಡಿನ ಗೋಡೆಯ ಒಂದು ಪಟ್ಟಿಕೆಯ ಚಿತ್ರವನ್ನೋ, ಅರಸೀಕೆರೆಯ ಗುಡಿಯ ತಳವಿನ್ಯಾಸವನ್ನೋ ಪುಸ್ತಕದಲ್ಲಿ ಕಂಡಾಗ ಅದನ್ನು ಬರೆದವರು ಯಾರು, ಎದುರಿಗೆ ನಿಂತು ಬರೆದರೋ ಛಾಯಾಚಿತ್ರವನ್ನು ನೋಡಿ ಬರೆದರೋ, ಒಡೆದ ಭಾಗವನ್ನು ಕಂಡಂತೆ ಬಿಟ್ಟರೋ ಊಹಿಸಿ ತುಂಬಿದರೋ ಎಂದು ನಾವು ಕೇಳುವುದಿಲ್ಲ. ಚಿತ್ರವನ್ನು ಪ್ರಮಾಣವೆಂದು ಸ್ವೀಕರಿಸಿಬಿಡುತ್ತೇವೆ. ಅದು ಪ್ರಮಾಣವಲ್ಲ, ವ್ಯಾಖ್ಯಾನ. ವ್ಯಾಖ್ಯಾನವನ್ನು ವಿಮರ್ಶಿಸತಕ್ಕ ರೀತಿಯಲ್ಲಿಯೇ ಅದನ್ನೂ ವಿಮರ್ಶಿಸಬೇಕು ಎಂಬುದು ಈ ಲೇಖನದ ವಾದ.

ಈ ಅಭಿಪ್ರಾಯ ನನಗೆ ಗ್ರಂಥಗಳನ್ನು ಓದಿ ಬಂದುದಲ್ಲ. ಕೈಗೆ ಮಸಿ ಹತ್ತಿದ ಮೇಲೆ ಬಂದುದು. ಕೆಲವು ತಿಂಗಳ ಹಿಂದೆ ಫೋಟೋಲಿಥೋಗ್ರಫಿ ಎಂಬ ಮುದ್ರಣಕಲೆಯನ್ನು ಹೊಸಬನಾಗಿ ಕಲಿಯಲು ತೊಡಗಿದೆನು. ಲಿಥೋಗ್ರಫಿಗೆ ಕಲ್ಲಚ್ಚು ಎಂಬ ಒಳ್ಳೆಯ ಮಾತು ಕನ್ನಡದಲ್ಲಿ ಹಿಂದಿನಿಂದಲೂ ಇದೆ. ಆದಕಾರಣ ಇದನ್ನು ಬೆಳಕಿನ ಕಲ್ಲಚ್ಚು ಎಂದು ಕರೆಯುತ್ತೇನೆ. ಕೈಯಿಂದ ಬರೆದ ಚಿತ್ರವನ್ನು ಬೆಳಕಿನ ಸಹಾಯದಿಂದ ಅಚ್ಚಿನ ತಗಡಿಗೆ ಇಳಿಸಿ, ಆ ತಗಡಿನಿಂದ ಕಾಗದದ ಮೇಲೆ ಪ್ರತಿಗಳನ್ನು ತೆಗೆಯುವುದು ಇದರ ಸ್ವರೂಪ. ಸಾಹಿತ್ಯದ ಪಾಠ ಹೇಳುವವನಿಗೆ ಈ ಕೆಲಸವೇಕೆ ಎಂದು ಕೇಳಿದವರುಂಟು. ಛಂದಸ್ಸನ್ನು ಕುರಿತು ಮಾತಾಡುವವನು ನಾಲ್ಕು ಕಂದಗಳನ್ನಾದರೂ ಕಟ್ಟಿ ನೋಡಿರಬೇಕೆಂದು ನಾವೇ ವಿದ್ಯಾರ್ಥಿಗಳಿಗೆ ಹೇಳುವುದುಂಟಲ್ಲವೆ? ಪಟಗಳನ್ನು ವಿಮರ್ಶಿಸಬೇಕೆಂದಿದ್ದವನು ನಾಲ್ಕು ಪಟಗಳನ್ನು ಕೆಡಿಸಿಯಾದರೂ ನೋಡಬೇಕೆಂದು ನನಗೆ ತೋರಿತು. ಕೆಡಿಸಿದ್ದು ನಾಲ್ಕಕ್ಕಿಂತ ಹೆಚ್ಚೇ ಆಯಿತೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುವುದು ಲೇಸು.

ಮೊದಲು ಕಲ್ಲಚ್ಚಿನ ಮೂಲತತ್ತ್ವವನ್ನು ಹೇಳಬೇಕು. ಬವೇರಿಯ ದೇಶದ ಸೆನೆಫೆಲ್ಡರನು 1796ರಿಂದ 1798ರ ಒಳಗೆ ಕಂಡುಹಿಡಿದ ಈ ವಿಧಾನದಲ್ಲಿ ಕೆತ್ತನೆಯೂ ಇಲ್ಲ, ಉಬ್ಬಚ್ಚೂ ಇಲ್ಲ. ಜಿಡ್ಡೂ ನೀರೂ ಒಂದಕ್ಕೊಂದು ಸೇರುವುದಿಲ್ಲವೆಂಬ ಒಂದೇ ಸಂಗತಿಯ ಮೇಲೆ ಅದು ನಿಂತಿದೆ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಗೋಂದಿನ ನೀರನ್ನು ಸವರಿ, ಕಲ್ಲನ್ನು ಒದ್ದೆಯಾಗಿಟ್ಟು, ಮಸಿಯ ಉರುಳೆಯನ್ನು ಉರುಳಿಸಿದರೆ, ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಬರೆಯದ ಕಡೆ ನೀರು ಅದನ್ನು ತಳ್ಳಿಬಿಡುತ್ತದೆ. ಇದಕ್ಕೆ ಬವೇರಿಯದ ಸೋಲ್ನ್‌ಹೋಫನ್ ಎಂಬಲ್ಲಿಯ ಸುಣ್ಣಕಲ್ಲೇ ಶ್ರೇಷ್ಠವೆಂದು ಹೆಸರಾಯಿತು. ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಹೊಯ್ಸಳರ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಬಂದಮೇಲೆ ಗಟ್ಟಿಯಾಗುವ ಆ ಕಲ್ಲಿನ ಹೆಸರೇ ಬರೆವಣಿಗೆಯ ಹೆಸರು; ಹಲಗೆಯ ಮೇಲೆ ಮಕ್ಕಳು ತಿದ್ದುತ್ತಿದ್ದ ಬಳಪವೂ ಅದೇ. ಬವೇರಿಯದವರು ಕಲ್ಲಿನ ಮೇಲೆ ಬರೆದರು, ನಮ್ಮವರು ಕಲ್ಲಿನಿಂದಲೂ ಬರೆದರು.

ಕನ್ನಡಕ್ಕೆ ಈ ಕಲೆ ಬಂದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಿಂದ. 1841ರಲ್ಲಿ ಅಲ್ಲಿ ಕಲ್ಲಚ್ಚಿನ ಕೂಟ ಏರ್ಪಟ್ಟಿತು. 1843ರ ಜುಲೈ ತಿಂಗಳ ಮೊದಲನೆಯ ದಿನ ಹೆರ್ಮನ್ ಮೋಗ್ಲಿಂಗರು ಹೊರಡಿಸಿದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಿನ ಮೇಲೆಯೇ. ಆಮೇಲೆ 1848ರಿಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಹೊರಬಂದವು. ಅವುಗಳನ್ನು ತಿರುವಿ ಹಾಕಿದವರಿಗೆ ಗೊತ್ತು: ಅಲ್ಲಿ ಕಾಣುವುದು ಅಚ್ಚಿನ ಮೊಳೆಯ ಅಕ್ಷರವಲ್ಲ, ಒಬ್ಬ ಬರಹಗಾರನ ಕೈ. ಅವನ ಒತ್ತಕ್ಷರಗಳ ಓರೆ, ಸಾಲಿನ ಕೊನೆಯಲ್ಲಿ ಇಕ್ಕಟ್ಟಾದ ಅಕ್ಷರ, ಎಲ್ಲವೂ ಇದ್ದ ಹಾಗೆಯೇ ಪ್ರತಿಪ್ರತಿಯಲ್ಲಿಯೂ ಇಳಿದಿವೆ. ಕೈಬರೆಹ ಕೈಬರೆಹವೆಂದು ತೋರುವುದರಿಂದ ಓದುಗನು ಎಚ್ಚರವಾಗಿರುತ್ತಾನೆ. ಇದೊಂದು ದೊಡ್ಡ ಗುಣ. ಮುಂದಣ ಕಾಲದ ಪಟಗಳಲ್ಲಿ ಕಳೆದುಹೋದದ್ದು ಈ ಗುಣವೇ ಎಂದು ನನ್ನ ಎಣಿಕೆ.

ಕಲ್ಲಚ್ಚಿಗೆ ಬೆಳಕು ಸೇರಿದ ಕಥೆಯನ್ನು ಸಂಗ್ರಹವಾಗಿ ಹೇಳಿದರೆ ಸಾಕು. ಬೈಕ್ರೋಮೇಟ್ ಲವಣವನ್ನು ಸವರಿದ ಕಾಗದವು ಬೆಳಕಿಗೆ ಮಾರ್ಪಡುವುದನ್ನು 1839ರಲ್ಲಿ ಮಂಗೋ ಪಾಂಟನ್ ಎಂಬವನು ಕಂಡನು. ಅದನ್ನು ಅಂಟಿನೊಡನೆ ಬೆರಸಿ ಕಲ್ಲಿನ ಮೇಲೆ ಸವರಿದರೆ ಬೆಳಕು ಬಿದ್ದ ಕಡೆ ಗಟ್ಟಿಯಾಗಿ ಜಿಡ್ಡಿನ ಮಸಿಯನ್ನು ಹಿಡಿಯುತ್ತದೆಂಬುದನ್ನು 1855ರಲ್ಲಿ ಫ್ರಾನ್ಸಿನ ಪೊಯಿತ್ವಾಂ ತೋರಿಸಿದನು. 1859ರಲ್ಲಿ ಮೆಲ್ಬೋರ್ನಿನಲ್ಲಿ ಆಸ್ಬೋರ್ನನು ಭೂಪಟಗಳಿಗಾಗಿ ಇದನ್ನು ರೂಢಿಗೆ ತಂದನು. ಅದೇ ಸುಮಾರಿಗೆ ಇಂಗ್ಲೆಂಡಿನ ಭೂಮಾಪನ ಇಲಾಖೆಯ ಸರ್ ಹೆನ್ರಿ ಜೇಮ್ಸರ ಕಚೇರಿಯಲ್ಲಿ ಕಲ್ಲಿಗೆ ಬದಲಾಗಿ ಸತುವಿನ ತಗಡನ್ನು ಹಿಡಿದರು. ನಮ್ಮ ಶಾಸನ ವಿದ್ವಾಂಸರಿಗೆ ಈ ಕಲೆಯ ಪರಿಚಯ ಒಂದು ಹೆಸರಿನಿಂದ ಚೆನ್ನಾಗಿದೆ. 'ಎಪಿಗ್ರಾಫಿಯಾ ಇಂಡಿಕಾ'ದ ಹಳೆಯ ಸಂಪುಟಗಳ ಪಟಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಣುವ ಲಂಡನ್ನಿನ ವಿಲಿಯಂ ಗ್ರಿಗ್ಸನ ಹೆಸರು ಅದು. ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿ ತಟ್ಟಿ ತೆಗೆದ ಪಡಿಯಚ್ಚು ಕಡಲು ದಾಟಿ ಹೋಗಿ, ಬೆಳಕಿನ ಕಲ್ಲಚ್ಚಾಗಿ ಹಿಂದಿರುಗಿ ಬರುತ್ತಿತ್ತು. ಬೆಳಗಾವಿ ಧಾರವಾಡಗಳ ಕಡೆ ಕೆಲಸಮಾಡಿ ಕನ್ನಡ ಶಾಸನಗಳಲ್ಲಿ ಪಳಗಿದ ಫ್ಲೀಟರು 1888ರಲ್ಲಿ ಗುಪ್ತರ ಶಾಸನಗಳ ಸಂಪುಟವನ್ನು ಪ್ರಕಟಿಸುವಾಗ ಕಣ್ಣಳತೆಯಿಂದ ಬರೆದ ಪ್ರತಿಗಳನ್ನು ನಂಬದೆ ಯಾಂತ್ರಿಕ ಪ್ರತಿಕೃತಿಗಳನ್ನೇ ನಂಬಿದರು. ಶಾಸನದ ಮಟ್ಟಿಗೆ ಅವರ ನಿಲುವು ಸರಿಯಾದುದು. ಆದರೆ ಅದರಿಂದ ಒಂದು ಭ್ರಮೆಯೂ ಹುಟ್ಟಿತು. ಬೆಳಕಿನಿಂದ ಅಚ್ಚಾದದ್ದೆಲ್ಲ ಯಾಂತ್ರಿಕ, ಯಾಂತ್ರಿಕವಾದದ್ದೆಲ್ಲ ನಿಜ ಎಂಬ ಭ್ರಮೆ. ಬೆಳಕು ತನ್ನೆದುರಿಗೆ ಇಟ್ಟದ್ದನ್ನು ಮಾತ್ರ ನಕಲುಮಾಡುತ್ತದೆ. ಎದುರಿಗೆ ಇಟ್ಟದ್ದು ಕೈಯಿಂದ ಬರೆದ ಚಿತ್ರವಾದರೆ ಆ ಕೈಯ ತಪ್ಪುಗಳನ್ನೂ ಅಷ್ಟೇ ನಿಷ್ಠೆಯಿಂದ ನಕಲುಮಾಡಿ, ಅವಕ್ಕೆ ಯಂತ್ರದ ಮುಖಮುದ್ರೆಯನ್ನು ಒತ್ತಿಬಿಡುತ್ತದೆ.

ನನ್ನ ಮೊದಲನೆಯ ತಗಡಿನ ಕಥೆ ಇದಕ್ಕೆ ನಿದರ್ಶನ. ಈಗಿನ ಕ್ರಮದಲ್ಲಿ ಕಲ್ಲಿಲ್ಲ. ಬೆಳಕಿಗೆ ಮಾರ್ಪಡುವ ಲೇಪವನ್ನು ಮೊದಲೇ ಹಚ್ಚಿದ ಅಲ್ಯೂಮಿನಿಯಂ ತಗಡು ಅಂಗಡಿಯಲ್ಲಿ ದೊರೆಯುತ್ತದೆ. ಮೈ ಸ್ವಲ್ಪ ಒರಟಾದ ಅರೆಪಾರದರ್ಶಕ ಹಾಳೆಯ ಮೇಲೆ ಚಿತ್ರ ಬರೆದು, ಬರೆದ ಮಗ್ಗುಲು ತಗಡಿಗೆ ತಾಗುವಂತೆ ಕವುಚಿ, ನಡುವೆ ಗಾಳಿಯಿಲ್ಲದಂತೆ ಒತ್ತಿ, ಮೇಲಿನಿಂದ ಅತಿನೇರಳೆ ಬೆಳಕನ್ನು ಬಿಡುತ್ತಾರೆ. ನಾನು ಹಿಡಿದ ಬಗೆಯ ತಗಡಿನಲ್ಲಿ ಬೆಳಕು ಬಿದ್ದ ಕಡೆಯ ಲೇಪವು ತೊಳೆದಾಗ ಕರಗಿಹೋಗುತ್ತದೆ. ಚಿತ್ರದ ಕಪ್ಪು ಮರೆಮಾಡಿದ ಕಡೆ ಲೇಪ ಉಳಿದು ಮಸಿಯನ್ನು ಹಿಡಿಯುತ್ತದೆ. ಇಷ್ಟನ್ನು ಕೇಳಿ ತಿಳಿದುಕೊಂಡು, ಬೇಲೂರಿನಲ್ಲಿ ಎರಡು ಬೆಳಗು ಕುಳಿತು ಸೀಸದ ಕಡ್ಡಿಯಿಂದ ಬರೆದು ತಂದಿದ್ದ ಕನ್ನಡಿ ಹಿಡಿದ ಮದನಿಕೆಯ ಚಿತ್ರವನ್ನು ಹಾಳೆಗೆ ಇಳಿಸಿದೆನು. ಖಚಿತವಾಗಿ ಕಂಡ ಅಂಚುಗಳಿಗೆ ಕಪ್ಪು ಮಸಿ, ಸಂದೇಹವಿದ್ದ ಕಡೆ ಸೀಸದ ಕಡ್ಡಿಯ ತೆಳು ಗೆರೆ. ಚಿತ್ರ ಬರೆಯುವವರೆಲ್ಲ ಸಂದೇಹವನ್ನು ಹೀಗೆಯೇ, ಕೈ ಹಗುರ ಮಾಡಿಕೊಂಡು, ಬರೆಯುತ್ತಾರೆ.

ತಗಡನ್ನು ತೊಳೆದು ನೋಡಿದರೆ ಸೀಸದ ಗೆರೆಗಳೆಲ್ಲ ಮಾಯವಾಗಿದ್ದುವು. ಸೀಸದ ಕಡ್ಡಿಯ ಬೂದುಬಣ್ಣ ಬೆಳಕನ್ನು ತಡೆಯಲಾರದು. ಬೆಳಕು ಅದರ ನಡುವೆ ತೂರಿ ಲೇಪವನ್ನು ಕರಗಿಸಿತ್ತು. ಎರಡನೆಯ ಸಲ ಸೀಸದ ಗೆರೆಗಳ ಮೇಲೆಲ್ಲ ಮಸಿ ತಿದ್ದಿದೆನು. ಈ ಸಲ ಎಲ್ಲವೂ ಬಂದುವು, ಖಚಿತವಾದದ್ದೂ ಸಂದಿಗ್ಧವಾದದ್ದೂ ಒಂದೇ ಕಪ್ಪಿನಲ್ಲಿ, ಒಂದೇ ಧೈರ್ಯದಲ್ಲಿ. ನೋಡಿದವರು ಎರಡನೆಯ ಪ್ರತಿಯನ್ನೇ ಮೆಚ್ಚಿಕೊಂಡರು. ಆದರೆ ಆ ಮದನಿಕೆಯ ಮೈಮೇಲಿನ ಹಾರದಲ್ಲಿ ಎಷ್ಟು ಎಳೆಗಳಿವೆಯೆಂದು ನನಗೆ ಇಂದಿಗೂ ಗೊತ್ತಿಲ್ಲ. ಸೂರಿನ ನೆರಳಿನಲ್ಲಿ ಕೆಳಗಿನಿಂದ ತಲೆಯೆತ್ತಿ ನೋಡಿದಾಗ ಒಂದು ಎಳೆ ನೆರಳೋ ಕೆತ್ತನೆಯೋ ತಿಳಿಯಲಿಲ್ಲ. ಪಟದಲ್ಲಿ ಮಾತ್ರ ಅದು ನಿಸ್ಸಂದೇಹವಾಗಿ ಎಳೆಯಾಗಿ ಕುಳಿತಿದೆ.

ಈ ಕಲೆಯ ಸ್ವಭಾವವೇ ಹೀಗೆ. ಕಲ್ಲಚ್ಚಿನಲ್ಲಿ ಬೂದು ಎಂಬುದಿಲ್ಲ. ಮಸಿ ಇದೆ ಅಥವಾ ಇಲ್ಲ. ಬೂದಿನಂತೆ ಕಾಣುವುದೆಲ್ಲ ಸಣ್ಣ ಸಣ್ಣ ಕಪ್ಪು ಕಣಗಳ ಗುಂಪು. ಜಿಡ್ಡಿನ ಕಡ್ಡಿಯನ್ನು ಒರಟು ಹಾಳೆಯ ಮೇಲೆ ಎಳೆದಾಗ ಹಾಳೆಯ ಉಬ್ಬುಗಳ ಮೇಲೆ ಮಾತ್ರ ಕಪ್ಪು ಕೂತು ಅಂಥ ಕಣಗಳಾಗುತ್ತವೆ. ಇದನ್ನು ಅರಿತವನು ನೆರಳನ್ನು ಚೆನ್ನಾಗಿ ಬರೆಯಬಲ್ಲನು. ಆದರೆ ಸಂದೇಹವನ್ನು ಬರೆಯಬಲ್ಲನೆ? ನೆರಳಿಗೂ ಸಂದೇಹಕ್ಕೂ ಒಂದೇ ಗುರುತನ್ನು ಇಟ್ಟರೆ ನೋಡುವವನು ಎರಡನ್ನೂ ನೆರಳೆಂದೇ ಓದುತ್ತಾನೆ. ಅಚ್ಚಿನಲ್ಲಿ ಸಂದೇಹಕ್ಕೆ ಬೇರೆಯದೇ ಒಂದು ಗುರುತು ಬೇಕು. ಶಾಸನ ಪಾಠಗಳಲ್ಲಿ ಅಳಿದ ಅಕ್ಷರಕ್ಕೆ ಕಂಸ ಹಾಕುವ ಪದ್ಧತಿ ನಮಗೆ ಎಷ್ಟು ಸಹಜವಾಗಿದೆಯೆಂದರೆ, ಅದಿಲ್ಲದೆ ಶಾಸನವನ್ನು ಅಚ್ಚುಹಾಕುವುದನ್ನು ಊಹಿಸಲೂ ಆರೆವು. ಚಿತ್ರಗಳಿಗೆ ಆ ಕಂಸ ಎಲ್ಲಿದೆ?

ಬೇಲೂರಿನ ಮಟ್ಟಿಗೆ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ದೇವಾಲಯದ ಮದನಿಕೆಗಳು ಹೆಸರಿಲ್ಲದ ಕುಶಲಿಗಳ ಕೆಲಸವಲ್ಲ. ಕವಿಚರಿತೆಯ ಕರ್ತೃಗಳಾದ ಪ್ರಾಕ್ತನವಿಮರ್ಶವಿಚಕ್ಷಣ ನರಸಿಂಹಾಚಾರ್ಯರು 1919ರಲ್ಲಿ ಈ ದೇವಾಲಯವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ವಿಗ್ರಹಗಳ ಪೀಠಗಳ ಬರೆಹಗಳನ್ನು ಓದಿ ಶಿಲ್ಪಿಗಳನ್ನು ಗುರುತಿಸಿರುವರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರು ಹಾಗೆ ನಮಗೆ ದೊರೆತುವು. ತಂದೆಯ ಕೈಯೂ ಮಗನ ಕೈಯೂ ಬೇರೆ ಬೇರೆ ಎಂದು ಹೇಳಬೇಕಾದರೆ ನಾವು ನೋಡುವುದು ಏನನ್ನು? ಆಭರಣದ ಕೊರೆತದ ಆಳವನ್ನು, ಬಳ್ಳಿಯ ತಿರುವನ್ನು, ಬೆರಳ ತುದಿಯನ್ನು. ರೇಖಾಚಿತ್ರಕಾರನು ಮೊದಲು ಅಳಿಸುವುದು ಇವನ್ನೇ. ಅವನ ಕೈಯ ಗೆರೆ ಇಬ್ಬರ ಮೇಲೂ ಒಂದೇ ತೆರನಾಗಿ ಹರಿದು, ದಾಸೋಜನನ್ನೂ ಚಾವಣನನ್ನೂ ತನ್ನಂತೆಯೇ ಮಾಡಿಬಿಡುತ್ತದೆ. ಹೀಗಿರುವಾಗ ರೇಖಾಚಿತ್ರಗಳನ್ನು ಮುಂದಿಟ್ಟುಕೊಂಡು ಶಿಲ್ಪಿಗಳ ಶೈಲಿಭೇದವನ್ನು ಚರ್ಚಿಸುವುದು, ಪಂಪ ರನ್ನರ ಶೈಲಿಯನ್ನು ಅವರ ಕಾವ್ಯಗಳ ಹೊಸಗನ್ನಡ ಗದ್ಯಾನುವಾದದಿಂದ ಚರ್ಚಿಸಿದಂತೆ.

ಹೊಸಬನ ಇನ್ನೊಂದು ತಪ್ಪನ್ನೂ ಹೇಳಬೇಕು, ಏಕೆಂದರೆ ಅದರಿಂದ ಕಲಿತದ್ದು ಹೆಚ್ಚು. ಕಲ್ಲಿನ ಮೇಲೆ ನೇರವಾಗಿ ಬರೆಯುವವನು ಎಲ್ಲವನ್ನೂ ಎಡಬಲ ಮಗುಚಿ ಬರೆಯಬೇಕು. ಬೆಳಕಿನ ಕಲ್ಲಚ್ಚಿನಲ್ಲಿ ಹಾಳೆಯನ್ನು ಕವುಚಿ ಇಡುವುದರಿಂದ ಆ ಕಷ್ಟ ತಪ್ಪುತ್ತದೆ. ಒಂದು ಸಲ ನಾನು ಕವುಚದೆ ಇಟ್ಟುಬಿಟ್ಟೆನು. ಮದನಿಕೆ ಎಡಬಲ ತಿರುಗಿ, ಕನ್ನಡಿ ಮತ್ತೊಂದು ಕೈಗೆ ಹೋಯಿತು. ಅದನ್ನು ನೋಡಿದ ಐದಾರು ಮಂದಿ, ಬೇಲೂರನ್ನು ಹಲವು ಸಲ ನೋಡಿದವರೇ, ಒಬ್ಬರಾದರೂ ಏನೂ ಹೇಳಲಿಲ್ಲ. ಪೀಠದ ಕೆಳಗೆ ನಾನು ಬರೆದಿದ್ದ ಎರಡು ಅಕ್ಷರಗಳು ಮಗುಚಿ ಬಿದ್ದಿರುವುದನ್ನು ಕಂಡ ಕೂಡಲೆ ಮಾತ್ರ ಎಲ್ಲರೂ ನಕ್ಕರು. ಅಕ್ಷರಕ್ಕೆ ನಮ್ಮಲ್ಲಿರುವ ಕಣ್ಣು ಆಕೃತಿಗೆ ಇಲ್ಲ.

ಹಳೇಬೀಡಿನ ವಿಷಯ ಬೇರೆ. ಅಲ್ಲಿ ಕ್ಯಾಮರಾ ಬಹಳ ಮುಂಚೆಯೇ ಬಂದಿತು: ಓಕ್ಲಿ ಎಂಬ ಸೈನ್ಯಾಧಿಕಾರಿ 1856ರ ಸುಮಾರಿಗೆ ತೆಗೆದ ಹೊಯ್ಸಳೇಶ್ವರದ ಛಾಯಾಚಿತ್ರಗಳು 1859ರಲ್ಲಿ ಪುಸ್ತಕವಾಗಿ ಹೊರಬಂದುವು. 1866ರಲ್ಲಿ ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಛಾಯಾಚಿತ್ರ ಸಂಪುಟವೂ ಪ್ರಕಟವಾಯಿತು. ಅದರ ಲೇಖಕರು ಮೆಡೋಸ್ ಟೇಲರ್ ಮತ್ತು ಫರ್ಗುಸನ್. ಇಷ್ಟಿದ್ದೂ ಫರ್ಗುಸನ್ನರು 1876ರ ತಮ್ಮ ವಾಸ್ತುಚರಿತ್ರೆಯಲ್ಲಿ ಹಳೇಬೀಡಿನ ದೊಡ್ಡ ಗುಡಿಯನ್ನು ಮರದಚ್ಚಿನ ಚಿತ್ರದಲ್ಲಿ ತೋರಿಸುವಾಗ, ಇಲ್ಲದ ಶಿಖರಗಳನ್ನು ಊಹಿಸಿ ಬರೆಸಿದರು. ಇದಕ್ಕಾಗಿ ಅವರನ್ನು ನಿಂದಿಸುವವರುಂಟು. ನಾನು ಮೆಚ್ಚುತ್ತೇನೆ. ಚಿತ್ರದ ಕೆಳಗೆ ಅದು ಪುನಾರಚಿತ ನೋಟವೆಂದು ಅವರೇ ಹೇಳಿರುವರು. ಆ ಒಂದು ಮಾತು ಅಡಿಟಿಪ್ಪಣಿಯ ಕೆಲಸವನ್ನು ಮಾಡುತ್ತದೆ. ಆಮೇಲಿನ ಎಷ್ಟೋ ರೇಖಾಚಿತ್ರಗಳಿಗೆ ಈ ಪ್ರಾಮಾಣಿಕತೆಯೂ ಇಲ್ಲ. ಮುರಿದ ಮೂಗು ನೆಟ್ಟಗಾಗಿರುತ್ತದೆ, ಒಡೆದ ಸೊಂಡಿಲು ಕೂಡಿಕೊಂಡಿರುತ್ತದೆ, ಕೆಳಗೆ ಒಂದು ಮಾತೂ ಇರುವುದಿಲ್ಲ.

ಅಲ್ಲಿಯ ಆನೆಗಳ ಪಟ್ಟಿಕೆಯನ್ನು ಬರೆಯಲು ಕುಳಿತಾಗ ನನಗಾದ ಪ್ರಲೋಭನವನ್ನೂ ಹೇಳುತ್ತೇನೆ. ಏಳುನೂರ ಹತ್ತು ಅಡಿ ಉದ್ದಕ್ಕೆ ಎರಡು ಸಾವಿರಕ್ಕೆ ಕಡಮೆಯಿಲ್ಲದ ಆನೆಗಳಿವೆಯೆಂದು ಫರ್ಗುಸನ್ನರ ಲೆಕ್ಕ. ಅಚ್ಚಿನ ಕೆಲಸ ಕಲಿಯುವವನಿಗೆ ಅಲ್ಲಿ ಮೊದಲು ಹೊಳೆಯುವುದು ಒಂದು ಆನೆಯನ್ನು ಚೆನ್ನಾಗಿ ಬರೆದು ಅದನ್ನೇ ಸಾಲಾಗಿ ಇಳಿಸಿಕೊಂಡು ಹೋಗುವ ಸುಲಭೋಪಾಯ. ಬೆಳಕಿನ ಕಲ್ಲಚ್ಚು ಅದಕ್ಕೆ ಹೇಳಿಮಾಡಿಸಿದ ಯಂತ್ರ. ನಾನು ಆರು ಆನೆಗಳನ್ನು ಹಾಗೆ ಮಾಡಿ, ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಎದುರಿಗೆ ನಿಂತೆನು. ಗೋಡೆಯ ಆನೆಗಳಲ್ಲಿ ಒಂದು ಮುಂದಿನದರ ಬಾಲದ ಕಡೆಗೆ ಸೊಂಡಿಲು ಚಾಚಿದೆ, ಒಂದು ತಲೆ ತಗ್ಗಿಸಿದೆ, ಒಂದರ ಹೆಜ್ಜೆ ಬೇರೆ. ನನ್ನ ಪಟದಲ್ಲಿ ಇದ್ದದ್ದು ಆನೆಗಳ ಸಾಲಲ್ಲ, ಸೀರೆಯ ಅಂಚು. ಆ ತಗಡನ್ನು ಒರಸಿ ಹಾಕಿದೆನು. ಅಂಥದೇ ಅಂಚುಗಳನ್ನು ಪುಸ್ತಕಗಳಲ್ಲಿ ಕಂಡಾಗ ಈಗ ಕೂಡಲೆ ಗೊತ್ತಾಗುತ್ತದೆ.

ಅರಸೀಕೆರೆಯ ಈಶ್ವರ ದೇವಾಲಯವನ್ನು ಕಡೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಹೊಯ್ಸಳರ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರನ್ನು ಸೇರಿಸಿತು, ಅರಸೀಕೆರೆ ಅದರಲ್ಲಿಲ್ಲ. ಬೇಲೂರಿನ ಒಂದು ಪಟ ತಪ್ಪಾದರೆ ತಿದ್ದಲು ನೂರು ಛಾಯಾಚಿತ್ರಗಳಿವೆ, ನೋಡಿಬಂದ ಸಾವಿರ ಕಣ್ಣುಗಳಿವೆ. ರೈಲಿನಲ್ಲಿ ಅರಸೀಕೆರೆಯನ್ನು ಹಾದುಹೋಗುವವರಲ್ಲಿ ಇಳಿದು ಆ ಗುಡಿಯನ್ನು ನೋಡಿದವರು ಎಷ್ಟು ಮಂದಿ? ಅಲ್ಲಿ ತಪ್ಪಾದ ಪಟವೇ ಗುಡಿಯಾಗಿಬಿಡು‌ವ ಅಪಾಯವಿದೆ. ಸುಮಾರು 1220ರಲ್ಲಿ ಕಟ್ಟಿದ ಈ ದೇವಾಲಯದ ತೆರೆದ ಮಂಟಪವು ಹದಿನಾರು ಕೋನಗಳ ನಕ್ಷತ್ರದ ಆಕಾರದ್ದು. ಗರ್ಭಗೃಹದ ಹೊರಮೈಯೂ ನಕ್ಷತ್ರವೇ. ಆದರೆ ಆ ನಕ್ಷತ್ರದ ಮೊನೆಗಳು ಒಂದೇ ಬಗೆಯವಲ್ಲ, ಮೂರು ಬಗೆಯವು. ಹೊಯ್ಸಳ ವಾಸ್ತುವಿನಲ್ಲಿ ಇದು ಅಪೂರ್ವವಾದ ರಚನೆ.

ಈ ಸಂಗತಿಯನ್ನು ಓದಿ ತಿಳಿದುಕೊಂಡೇ ಹೋದವನು ನಾನು. ಆದರೂ ನಾನು ಬರೆದ ಮೊದಲನೆಯ ತಳವಿನ್ಯಾಸದಲ್ಲಿ ಮೊನೆಗಳೆಲ್ಲ ಒಂದೇ ತೆರನಾಗಿದ್ದುವು. ಕೈಗೆ ಸಮತೆಯ ಮೇಲೆ ಒಂದು ವ್ಯಾಮೋಹವುಂಟು. ವೃತ್ತವನ್ನು ಎಳೆದು ಸಮಭಾಗ ಮಾಡಿದೊಡನೆ ಮನಸ್ಸು ಗುಡಿಯನ್ನು ಬಿಟ್ಟು ಜ್ಯಾಮಿತಿಯನ್ನು ಬರೆಯುತ್ತದೆ. ಓಲೆಯ ಪ್ರತಿಕಾರನು ಅಪರೂಪದ ಶಬ್ದವನ್ನು ಕಂಡಾಗ ತನಗೆ ತಿಳಿದ ಶಬ್ದವನ್ನು ಬರೆದುಬಿಡುವುದಿಲ್ಲವೆ, ಇದೂ ಹಾಗೆಯೇ. ಕಠಿಣವಾದ ಪಾಠವನ್ನೇ ಮೂಲಕ್ಕೆ ಸಮೀಪವೆಂದು ಹಿಡಿಯಬೇಕೆಂಬ ಗ್ರಂಥಸಂಪಾದನೆಯ ಸೂತ್ರ ಇಲ್ಲಿಗೂ ಸಲ್ಲುತ್ತದೆ: ಒಂದು ಗುಡಿಯ ಎರಡು ತಳವಿನ್ಯಾಸಗಳಲ್ಲಿ ಒಂದು ಅಂದವಾಗಿಯೂ ಇನ್ನೊಂದು ತೊಡಕಾಗಿಯೂ ಇದ್ದರೆ, ತೊಡಕಾದುದನ್ನು ಮೊದಲು ನಂಬಬೇಕು. 1995ರಲ್ಲಿ ಪ್ರಕಟವಾದ ಆಡಮ್ ಹಾರ್ಡಿಯವರ ಕರ್ಣಾಟ ದ್ರಾವಿಡ ವಾಸ್ತುಗ್ರಂಥದಲ್ಲಿಯೂ 1996ರ ಫೋಕೆಮಾ ಅವರ ಕೈಪಿಡಿಯಲ್ಲಿಯೂ ರೇಖಾಚಿತ್ರಗಳಿಗೆ ಬೆಲೆ ಬಂದಿರುವುದು ಈ ತೊಡಕುಗಳನ್ನು ನುಣ್ಣಗೆ ಮಾಡದೆ ಬಿಡಿಸಿ ತೋರಿಸಲು ಯತ್ನಿಸಿರುವುದರಿಂದ. ಅಲ್ಲಿ ರೇಖೆಯು ಅಲಂಕಾರವಲ್ಲ, ವಾದ. ವಾದವಾದುದರಿಂದಲೇ ಅದನ್ನು ಒಪ್ಪಬಹುದು, ಒಪ್ಪದಿರಬಹುದು.

ಛಾಯಾಚಿತ್ರವಿರುವಾಗ ಈ ಕೈಕೆಲಸವೇ ಬೇಡವೆಂಬ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಈಗ ಎಲ್ಲರ ಜೇಬಿನಲ್ಲಿಯೂ ಕ್ಯಾಮರಾ ಇದೆ. ಆಕ್ಷೇಪ ಬಲವಾಗಿಯೇ ಇದೆ. ಆದರೆ ಛಾಯಾಚಿತ್ರವು ಒಂದು ಗಳಿಗೆಯ ಬೆಳಕನ್ನು ಹಿಡಿಯುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಕಂಡ ಕೊರೆತ ಮಧ್ಯಾಹ್ನಕ್ಕೆ ಇಲ್ಲ. ಎದುರಿಗೆ ಕುಳಿತು ಬರೆಯುವವನು ಹೊತ್ತು ಕಳೆದಂತೆ ಹಲವು ಬೆಳಕುಗಳಲ್ಲಿ ಕಂಡದ್ದನ್ನು ಒಂದೇ ಹಾಳೆಯಲ್ಲಿ ಕೂಡಿಸುತ್ತಾನೆ. ಗುಡಿಯ ತಳವಿನ್ಯಾಸವಂತೂ ಯಾವ ಒಂದು ಕಣ್ಣಿಗೂ ಕಾಣುವ ವಸ್ತುವೇ ಅಲ್ಲ. ನಡೆದು, ಅಳೆದು, ಯೋಚಿಸಿ ಬರೆಯತಕ್ಕದ್ದು. ಆದುದರಿಂದ ಕೈಯ ಚಿತ್ರವನ್ನು ಬಿಡಲಾಗದು. ಬಿಡಲಾಗದೆಂಬುದರಿಂದಲೇ ಅದನ್ನು ವಿಮರ್ಶಿಸದೆಯೂ ಬಿಡಲಾಗದು.

ಶಾಸನಕ್ಕೆ ಬಂದರೆ ಮಾತ್ರ ನಾನು ಫ್ಲೀಟರ ಪಕ್ಷ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನೇ ನೋಡಬಹುದು. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1936ನೆಯ ವರ್ಷದ ವರದಿಯಲ್ಲಿ ಅದನ್ನು ಪ್ರಕಟಿಸಿ, ಸುಮಾರು ಕ್ರಿ. ಶ. 450ರದೆಂದು ಅಭಿಪ್ರಾಯಪಟ್ಟರು. ಅದರ ಹದಿನಾರು ಸಾಲುಗಳ ಪಾಠ, ಅರ್ಥ, ಕಾಲಗಳನ್ನು ಕುರಿತು ನಡೆದ ಚರ್ಚೆ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಚರ್ಚೆ ಸಾಧ್ಯವಾದದ್ದು ಅಕ್ಷರಗಳ ಸವೆತವೂ ಕಾಣುವಂಥ ಪ್ರತಿಕೃತಿ ವಿದ್ವಾಂಸರ ಮುಂದೆ ಇದ್ದುದರಿಂದ. ಊರಿನಲ್ಲಿ ಈಗ ನಿಂತಿರುವುದೂ ಒಂದು ಪ್ರತಿಕೃತಿಯೇ. ತರಗತಿಯ ಗೋಡೆಗೆ ಹಾಕಲೆಂದು ಆ ಅಕ್ಷರಗಳನ್ನು ಯಾರಾದರೂ ಕಪ್ಪಾಗಿ, ತುಂಡಿಲ್ಲದಂತೆ ಬರೆದು ಬೆಳಕಿನ ಕಲ್ಲಚ್ಚಿಗೆ ಇಳಿಸಿದರೆ, ವಿವಾದದಲ್ಲಿರುವ ಪ್ರತಿಯೊಂದು ಅಕ್ಷರಕ್ಕೂ ಅವರು ಮೌನವಾಗಿ ತೀರ್ಪು ಕೊಟ್ಟಂತೆ ಆಗುತ್ತದೆ. ಮತ್ತು ವಿದ್ಯಾರ್ಥಿಯು ಆ ತೀರ್ಪನ್ನು ಶಾಸನವೆಂದೇ ತಿಳಿಯುತ್ತಾನೆ. ಪಡಿಯಚ್ಚೂ ಮಸಿ ತಟ್ಟುವ ಕೈಯನ್ನು ಅವಲಂಬಿಸಿದೆಯೆಂಬುದು ನಿಜ. ತಟ್ಟಿದ್ದು ಹೆಚ್ಚಾದರೆ ತೆಳ್ಳಗಿನ ಕೊರೆತ ಮುಚ್ಚಿಹೋಗುತ್ತದೆ. ಆದರೂ ಆ ಕೈ ಏನು ಬರೆದಿದೆಯೆಂದು ತಿಳಿಯದೆ ತಟ್ಟುತ್ತದೆ, ಚಿತ್ರ ಬರೆಯುವ ಕೈಗೆ ಅದು ಸಾಧ್ಯವಿಲ್ಲ. ರೈಸರ ಹಾಸನ ಜಿಲ್ಲೆಯ ಶಾಸನ ಸಂಪುಟ 1902ರಲ್ಲಿ ಹೊರಬಂದಾಗ ಬೇಲೂರು ಅರಸೀಕೆರೆಗಳ ನೂರಾರು ಶಾಸನಗಳು ಒಮ್ಮೆಗೇ ನಮ್ಮ ಕೈಸೇರಿದುವು; ಅದು ಅಚ್ಚಾದದ್ದು ಕಲ್ಲಚ್ಚಿನಿಂದ ಮೊದಲುಮಾಡಿದ ಆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿಯೇ, ಆದರೆ ಮೊಳೆಯ ಅಕ್ಷರಗಳಲ್ಲಿ. ಮೊಳೆಯ ಅಕ್ಷರ ತಾನು ಸಂಪಾದಕನ ಓದೆಂಬುದನ್ನು ಮರೆಮಾಡುವುದಿಲ್ಲ. ಕೈಯಿಂದ ತಿದ್ದಿ ಬೆಳಕಿನಿಂದ ಅಚ್ಚುಮಾಡಿದ ಪಟ ಮರೆಮಾಡುತ್ತದೆ.

ಹಾಗಾದರೆ ಚಿತ್ರ ಬರೆಯುವವರು ಏನು ಮಾಡಬೇಕು? ನಾನು ಅರಸೀಕೆರೆಯ ತಳವಿನ್ಯಾಸದಲ್ಲಿ ಹಿಡಿದ ಕ್ರಮವನ್ನು ಹೇಳುತ್ತೇನೆ. ಇದಕ್ಕಿಂತ ಉತ್ತಮವಾದುದನ್ನು ಬಲ್ಲವರು ತಿಳಿಸಿದರೆ ಉಪಕಾರ. ಅಳೆದು ನೋಡಿದ ಅಂಚಿಗೆ ದಪ್ಪ ಗೆರೆ; ನೋಡಿದೆ, ಅಳೆದಿಲ್ಲವೆಂಬುದಕ್ಕೆ ಸಣ್ಣ ಗೆರೆ; ಊಹೆಗೆ ಚುಕ್ಕಿಗಳ ಸಾಲು. ಪಟದ ಕೆಳಗೆ ಬರೆದ ದಿನ, ಹೊತ್ತು, ಎದುರಿಗೆ ಬರೆದದ್ದೋ ಛಾಯಾಚಿತ್ರದಿಂದಲೋ ಎಂಬ ಒಂದು ಸಾಲು. ಇಷ್ಟನ್ನು ಹಾಳೆಯ ಮೇಲೆ ಮಾಡುವುದು ಸುಲಭ, ತಗಡಿನ ಮೇಲೆ ಉಳಿಸಿಕೊಳ್ಳುವುದು ಕಷ್ಟವಾಯಿತು. ಬೆಳಕು ಹೆಚ್ಚಾದರೆ ಗೆರೆಯ ಅಂಚಿನಡಿಯಲ್ಲಿ ತೂರಿ ಮೊದಲು ತಿನ್ನುವುದು ಚುಕ್ಕಿಗಳನ್ನೇ. ಅಂದರೆ ಊಹೆ ಅಳಿಸಿಹೋಗಿ ಗುಡಿ ಅಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಬೆಳಕು ಕಡಮೆಯಾದರೆ ಲೇಪ ಪೂರ್ತಿ ಕರಗದೆ ತಗಡೆಲ್ಲ ಮಾಸಲಾಗಿ, ಚುಕ್ಕಿಗಳು ಮಸಿಯಿಂದ ಒಂದಕ್ಕೊಂದು ಕೂಡಿಕೊಂಡು ಗೆರೆಯೇ ಆಗಿಬಿಡುತ್ತವೆ, ಊಹೆ ಪ್ರಮಾಣವಾಗುತ್ತದೆ. ಒಂದು ಚಿಕ್ಕ ತಗಡನ್ನು ಪಟ್ಟಿಪಟ್ಟಿಯಾಗಿ ಮರೆಮಾಡಿ, ಒಂದೊಂದು ಪಟ್ಟಿಗೆ ಒಂದೊಂದು ಕಾಲ ಬೆಳಕು ಕೊಟ್ಟು, ಯಾವ ಪಟ್ಟಿಯಲ್ಲಿ ಚುಕ್ಕಿ ಚುಕ್ಕಿಯಾಗಿಯೇ ಉಳಿಯುತ್ತದೆಂದು ಮೊದಲು ಪರೀಕ್ಷಿಸಬೇಕೆಂಬುದನ್ನು ಕಲಿಸಿದವರು ಆರಂಭದಲ್ಲಿಯೇ ಹೇಳಿದ್ದರು. ನಾನು ಕೇಳಿದ್ದು ಮೂರು ತಗಡುಗಳು ಹೋದ ಮೇಲೆ.

ಐದನೆಯ ತಗಡಿನಲ್ಲಿ ಮೂರು ಬಗೆಯ ಗೆರೆಗಳೂ ಉಳಿದುವು. ಹನ್ನೆರಡು ಪ್ರತಿಗಳನ್ನು ತೆಗೆದೆನು. ಮಂಟಪದ ಹದಿನಾರು ಮೊನೆಗಳೂ ದಪ್ಪ ಗೆರೆಯಲ್ಲಿವೆ. ಗರ್ಭಗೃಹದ ಹಿಂಭಾಗದಲ್ಲಿ ಒಂದು ಬಗೆಯ ಮೊನೆ ಮುಗಿದು ಇನ್ನೊಂದು ಬಗೆ ಮೊದಲಾಗುವ ಕಡೆ ಮಾತ್ರ ಗೇಣುದ್ದಕ್ಕೆ ಚುಕ್ಕಿಗಳಿವೆ. ಅಂದು ಅಲ್ಲಿ ಅಳತೆಯ ಪಟ್ಟಿ ಹಿಡಿಯುವ ಹೊತ್ತಿಗೆ ಕತ್ತಲೆಯಾಗಿತ್ತು. ಅದಕ್ಕಾಗಿ ಅರಸೀಕೆರೆಗೆ ಇನ್ನೊಮ್ಮೆ ಹೋಗಬೇಕಾಗಿದೆ.